ಪೊಟ್ಯಾಸಿಯಂ ಹಾಕದ ಬ್ಲಾಂಕ್ ಕೂಡ ಹಸಿರಾಗುತ್ತಿದೆ (ಜಿ-ಕ್ವಾಡ್ರುಪ್ಲೆಕ್ಸ್, ಹೀಮಿನ್)

ಕಾಳಿ_ದಂಡೆ, ಕಾರವಾರ:
ಸದಾಶಿವಗಡದ ಹತ್ತಿರ ಕಾಳಿ ಅಳಿವೆಯ ನೀರಿನಲ್ಲಿ ಪೊಟ್ಯಾಸಿಯಂ ಅಳೆಯಬೇಕು. ಪೊಟ್ಯಾಸಿಯಂ ಇದ್ದರೆ ಡಿಎನ್‌ಎ ಎಳೆ ಮಡಚಿ ನಾಲ್ಕು ಸಾಲಿನ ಜಿ-ಕ್ವಾಡ್ರುಪ್ಲೆಕ್ಸ್ ಆಗುತ್ತದೆ, ಅದಕ್ಕೆ ಹೀಮಿನ್ (ಕಬ್ಬಿಣವಿರುವ ಅಣು) ಅಂಟಿದರೆ ಪೆರಾಕ್ಸೈಡ್ ಜೊತೆ ಎಬಿಟಿಎಸ್ ಹಸಿರಾಗುತ್ತದೆ, ಇದೇ ವಿಧಾನ. ಡಿಎನ್‌ಎ ಎಳೆ ಪಿಡಬ್ಲ್ಯು17 (ಜಿಜಿಜಿ-ಟಿಎ-ಜಿಜಿಜಿ-ಸಿ-ಜಿಜಿಜಿ-ಟಿಟಿ-ಜಿಜಿಜಿ). ಟ್ರಿಸ್ (ಪಿಎಚ್ ಹಿಡಿದಿಡುವ ಬಫರ್) 25 ಮಿಲಿಮೋಲಾರ್, ಪಿಎಚ್ 7.4, ಡಿಎನ್‌ಎ, ಹೀಮಿನ್ ತಲಾ 0.5 ಮೈಕ್ರೋಮೋಲಾರ್, ಎಬಿಟಿಎಸ್, ಹೈಡ್ರೋಜನ್ ಪೆರಾಕ್ಸೈಡ್ ತಲಾ 2 ಮಿಲಿಮೋಲಾರ್. ಬ್ಲಾಂಕ್ ಐದೇ ನಿಮಿಷದಲ್ಲಿ ಹಸಿರು. ಫ್ರಿಜ್‌ನಲ್ಲಿ 15 ಅಕ್ಷರದ ಥ್ರಾಂಬಿನ್ ಆಪ್ಟಮರ್ (ಥ್ರಾಂಬಿನ್ ಪ್ರೋಟೀನನ್ನು ಹಿಡಿಯುವ ಡಿಎನ್‌ಎ ಎಳೆ) ಇದೆ, ಅದನ್ನು ಹಾಕಿದರೆ ಸರಿಹೋದೀತೇ?

ಶಿರಸಿ_ಪಿಪೆಟ್:
ಎಳೆ ಬದಲಿಸಬೇಡಿ. ಹೀಮಿನ್ ಕೂರುವುದು ತುದಿಯ ಜಿ-ಟೆಟ್ರಾಡ್ (ನಾಲ್ಕು ಜಿ ಸೇರಿದ ಪದರ) ಮೇಲೆ. ಥ್ರಾಂಬಿನ್ ಆಪ್ಟಮರ್‌ನಲ್ಲಿ ಟೆಟ್ರಾಡ್ ಎರಡೇ, ಅವಕ್ಕೂ ಮೇಲೆ ಕೆಳಗೆ ಲೂಪ್ ಅಡ್ಡ. ಥ್ರಾಂಬಿನ್ ಹಿಡಿದು ರಕ್ತ ಹೆಪ್ಪುಗಟ್ಟದಂತೆ ತಡೆಯಲು ಅದು ಸೈ, ಬಣ್ಣ ಬರಿಸಲು ಅಲ್ಲ.
ಡಿಎನ್‌ಎ ಇಲ್ಲದೆ ಹೀಮಿನ್ ಮಾತ್ರದ ಟ್ಯೂಬ್ ಇಟ್ಟು 420 ನ್ಯಾನೋಮೀಟರ್‌ನಲ್ಲಿ ಓದಿ. ಅದೂ ಹಸಿರಾದರೆ ಹೀಮಿನ್ ಜಾಸ್ತಿ. ಡಿಎನ್‌ಎ ಇದ್ದದ್ದು ಮಾತ್ರ ಹಸಿರಾದರೆ ಬಫರ್‌ಗೆ ಎಲ್ಲಿಂದಲೋ ಪೊಟ್ಯಾಸಿಯಂ ಬಂದಿದೆ. ಪಿಎಚ್ ಹೇಗೆ ಹೊಂದಿಸಿದಿರಿ?

ಕಾಳಿ_ದಂಡೆ:
ಹೀಮಿನ್ ಮಾತ್ರದ್ದು ತಿಳಿ, ಇನ್ನೊಂದು ಕಡುಹಸಿರು. ಪಿಎಚ್ ಮೀಟರಿನ ಎಲೆಕ್ಟ್ರೋಡನ್ನು 50 ಮಿಲಿ ಬಫರ್‌ನಲ್ಲೇ ಅದ್ದಿಟ್ಟು ಆಸಿಡ್ ಹನಿಸಿದ್ದು.

ಶಿರಸಿ_ಪಿಪೆಟ್:
ಸಿಕ್ಕಿತಲ್ಲ ಮಾರಾಯ್ರೇ! ಎಲೆಕ್ಟ್ರೋಡ್ ಒಳಗಿರುವುದು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, ಅದು ಸದಾ ಜಿನುಗುತ್ತಲೇ ಇರುತ್ತದೆ. ತೊಳೆಯದೆ ಅದ್ದಿದರೆ ತುದಿಗೆ ಅಂಟಿದ್ದೂ ಸೇರುತ್ತದೆ. 50 ಮೈಕ್ರೋಲೀಟರ್, ಅಂದರೆ ಒಂದು ಹನಿ ಸೇರಿದರೂ ನಿಮ್ಮ ಬಫರ್ 3 ಮಿಲಿಮೋಲಾರ್ ಪೊಟ್ಯಾಸಿಯಂ.
ಹೊಸದು ಮಾಡಿ. ಒಂದೆರಡು ಮಿಲಿ ಬೇರೆ ತೆಗೆದು ಅಳೆಯಿರಿ, ಅಳೆದದ್ದನ್ನು ಚೆಲ್ಲಿ. ಪಿಎಚ್ ಏರಿಸಬೇಕಾದರೆ ಲಿಥಿಯಂ ಹೈಡ್ರಾಕ್ಸೈಡ್. ಲಿಥಿಯಂ ಈ ರಚನೆಯನ್ನು ಹಿಡಿದು ನಿಲ್ಲಿಸುವುದಿಲ್ಲ. ಡಿಎನ್‌ಎಯನ್ನು 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿ ನಿಧಾನ ತಣಿಸಿ. ಸ್ಯಾಂಪಲ್ ಹಾಕಿ ಅರ್ಧ ಗಂಟೆ, ಹೀಮಿನ್ ಹಾಕಿ ಮತ್ತರ್ಧ ಗಂಟೆ ಬಿಡಿ. ಪೆರಾಕ್ಸೈಡ್ ಕೊನೆಗೆ.

ಕುಮಟಾ_ಕ್ಯುವೆಟ್:
ಇಷ್ಟಕ್ಕೇ ಅಳಿವೆ ನೀರು ಹಾಕಬೇಡಿ. ಸೋಡಿಯಂ ಕೂಡ ಜಿ-ಕ್ವಾಡ್ರುಪ್ಲೆಕ್ಸನ್ನು ಹಿಡಿಯುತ್ತದೆ, ಪೊಟ್ಯಾಸಿಯಂನಷ್ಟು ಗಟ್ಟಿಯಾಗಿ ಅಲ್ಲ ಅಷ್ಟೇ. ಸಮುದ್ರದ ನೀರಿನಲ್ಲಿ ಪೊಟ್ಯಾಸಿಯಂ ಸುಮಾರು 10 ಮಿಲಿಮೋಲಾರ್, ಸೋಡಿಯಂ 470. ನೂರು ಪಟ್ಟು ತೆಳು ಮಾಡಿದರೆ 0.1 ಮತ್ತು 4.7, ಅನುಪಾತ ಅದೇ. ಹಾಗಾಗಿ ಬ್ಲಾಂಕ್‌ಗೂ ಸ್ಟ್ಯಾಂಡರ್ಡ್‌ಗಳಿಗೂ (ಗೊತ್ತಿರುವಷ್ಟು ಪೊಟ್ಯಾಸಿಯಂ ಹಾಕಿದ ಟ್ಯೂಬ್) ಅಷ್ಟೇ ಸೋಡಿಯಂ ಕ್ಲೋರೈಡ್ ಇರಬೇಕು. ಅಳಿವೆಯಲ್ಲಿ ಭರತ-ಇಳಿತಕ್ಕೆ ಉಪ್ಪು ಬದಲಾಗುತ್ತದೆ, ಪ್ರತಿ ಸ್ಯಾಂಪಲ್ಲಿನ ಲವಣಾಂಶ ನೋಡಿ ಹೊಂದಿಸಿ. ಸಾಣಿಕಟ್ಟಾ ಉಪ್ಪು ಮೀನುಸಾರಿಗೆ ಇರಲಿ, ಅದರಲ್ಲಿ ಸಮುದ್ರದ್ದೆಲ್ಲ ಇದೆ. ಇಲ್ಲಿಗೆ ಪ್ರಯೋಗಾಲಯದ ಶುದ್ಧ ಎಆರ್ ದರ್ಜೆಯದೇ ಬೇಕು.

ಕಾಳಿ_ದಂಡೆ:
ಹೊಸ ಬಫರ್‌ನಲ್ಲಿ ಬ್ಲಾಂಕ್ ಹತ್ತು ನಿಮಿಷವಾದರೂ ತಿಳಿ, 0.1 ಮಿಲಿಮೋಲಾರ್ ಹಾಕಿದ್ದು ಹಸಿರು. ಅಡ್ಡಿಲ್ಲ. ಆದರೆ ಒಂದೇ ಸ್ಯಾಂಪಲ್ಲಿನ ಮೂರು ಟ್ಯೂಬ್ ಮೂರು ಥರ.

ಶಿರಸಿ_ಪಿಪೆಟ್:
ಹೀಮಿನ್ ನೀರಿನಲ್ಲಿ ಮುದ್ದೆ ಕಟ್ಟಿ ಟ್ಯೂಬ್ ಗೋಡೆಗೂ ಅಂಟುತ್ತದೆ. ಬಫರ್‌ಗೆ ಟ್ರೈಟಾನ್ ಎಕ್ಸ್-100 (ಒಂದು ಡಿಟರ್ಜೆಂಟ್) ಶೇ 0.05 ಸೇರಿಸಿ. ಹೀಮಿನ್ ಸ್ಟಾಕ್ ಡಿಎಂಎಸ್‌ಒ ದ್ರಾವಕದಲ್ಲಿ, ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 20ರಲ್ಲಿ, ಕತ್ತಲಲ್ಲಿ. ಡಿಎಂಎಸ್‌ಒ ಬಾಟಲಿಯ ಮುಚ್ಚಳ ತೆರೆದಿಟ್ಟರೆ ನಿಮ್ಮ ಮಳೆಗಾಲದ ಗಾಳಿಯ ತೇವವನ್ನೆಲ್ಲ ಕುಡಿದುಬಿಡುತ್ತದೆ. ನೀರಿಗೆ ಬೆರೆಸಿದ ಹೀಮಿನ್ ಮರುದಿನಕ್ಕೆ ಎತ್ತಿಡಬೇಡಿ.