ಸಿಂಥ್ ಇಲ್ಲದೆ ಸಿಂಥ್ ಹಾಡು: ಕವರ್ ಮಾಡುವಾಗ ಏನನ್ನು ಉಳಿಸಿಕೊಳ್ಳಬೇಕು?

ಹಾಸನದ ಮೂವರು
ನಾವು ಹಾಸನದಲ್ಲಿ ಕಾಲೇಜು ಮುಗಿಸಿರುವ ಮೂವರು ಗೆಳೆಯರು. ನಮ್ಮ ಬಳಿ ಇರುವುದು ಒಂದು ಗಿಟಾರ್, ಒಂದು ಬೇಸ್ ಗಿಟಾರ್ ಮತ್ತು ಭಜನಾ ಮಂಡಳಿಯಿಂದ ಕೇಳಿ ತಂದಿರುವ ಹಾರ್ಮೋನಿಯಂ, ಡ್ರಮ್ಸ್ ನುಡಿಸುವವರಿಲ್ಲ. ಮುಂದಿನ ತಿಂಗಳು ಚಿಕ್ಕಮಗಳೂರಿನ ಹೋಂಸ್ಟೇ ಒಂದರಲ್ಲಿ ಹಾಡಲು ಕರೆದಿದ್ದಾರೆ. ಎಪ್ಪತ್ತರ ದಶಕದ ಕೊನೆಯ ಪಂಕ್ (ವೇಗದ, ಸಿಟ್ಟಿನ ರಾಕ್) ಮತ್ತು ಸಿಂಥ್ (ವಿದ್ಯುನ್ಮಾನ ಕೀಬೋರ್ಡ್ ಸಿಂಥಸೈಜರ್) ಹಾಡುಗಳನ್ನು ನಮ್ಮ ರೀತಿಯಲ್ಲಿ ಹಾಡಬೇಕು, ಅಂದರೆ ಕವರ್ ಮಾಡಬೇಕು ಎಂಬುದು ಬಹುದಿನದ ಆಸೆ. ಆದರೆ ಆ ಹಾಡುಗಳ ಜೀವವೇ ಯಂತ್ರದ ನಾದದಲ್ಲಿದೆ, ಅದನ್ನು ತೆಗೆದರೆ ಉಳಿಯುವುದು ನಾಲ್ಕು ಸಾಧಾರಣ ಕಾರ್ಡ್‌ಗಳಷ್ಟೇ ಎಂದು ನಮ್ಮಲ್ಲೇ ಒಬ್ಬರು ವಾದಿಸುತ್ತಿದ್ದಾರೆ. ಅವರ ಮಾತು ಸರಿಯೇ? ಸಾಹಿತ್ಯವನ್ನು ಕನ್ನಡಕ್ಕೆ ತಂದು ಹಾಡಬಹುದೇ?

ಗಿರಿ ಕೀಬೋರ್ಡ್, ಚಿಕ್ಕಮಗಳೂರು
ನಿಮ್ಮ ಗೆಳೆಯರಿಗೆ 'ಟೇಂಟೆಡ್ ಲವ್' ಹಾಡಿನ ಎರಡೂ ರೂಪಗಳನ್ನು ಒಂದರ ಹಿಂದೆ ಒಂದು ಕೇಳಿಸಿ. ಎಡ್ ಕಾಬ್ ಬರೆದ ಆ ಹಾಡನ್ನು ಗ್ಲೋರಿಯಾ ಜೋನ್ಸ್ 1964ರಲ್ಲಿ ಹಾಡಿದಾಗ ಅದು ಓಡುವ ಲಯದ, ಹಿತ್ತಾಳೆ ವಾದ್ಯಗಳಿಂದ ತುಂಬಿದ ಸೋಲ್ (ಅಮೆರಿಕದ ಕಪ್ಪುಜನರ ಸಂಗೀತ ಶೈಲಿ) ಹಾಡಾಗಿತ್ತು. ಅಷ್ಟಾಗಿ ಮಾರಾಟವಾಗದ ಆ ರೆಕಾರ್ಡನ್ನು ಉತ್ತರ ಇಂಗ್ಲೆಂಡಿನ ನೃತ್ಯ ಕ್ಲಬ್‌ಗಳು ಕಾಪಾಡಿಕೊಂಡು ಬಂದವು. 1981ರಲ್ಲಿ ಸಾಫ್ಟ್ ಸೆಲ್ ಎಂಬ ಬ್ರಿಟಿಷ್ ಜೋಡಿಯ ಇಬ್ಬರು ಅದರ ವೇಗ ತಗ್ಗಿಸಿ, ಶ್ರುತಿ ಇಳಿಸಿ, ವಾದ್ಯಗಳ ಗುಂಪನ್ನೆಲ್ಲ ಹೊರಗಿಟ್ಟು ಸಿಂಥ್‌ನಲ್ಲಿ ಕಟ್ಟಿದರು. ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಸಿಂಥ್ ಹಾಡುಗಳಿಗೆ ಮಾದರಿಯೆಂದು ನಾವು ಕೊಂಡಾಡುವ ಹಾಡೇ ಒಂದು ಕವರ್ ಆಗಿರುವಾಗ, ಜೀವವೆಲ್ಲ ಯಂತ್ರದಲ್ಲಿದೆ ಎನ್ನುವುದು ಹೇಗೆ?

ಅವರು ಉಳಿಸಿಕೊಂಡದ್ದು ಬೇಸ್‌ನ ಆವರ್ತನೆ. ಹೊಸದಾಗಿ ತಂದದ್ದು ಸ್ವರಗಳ ನಡುವಿನ ಖಾಲಿ ಜಾಗ. ಆದ್ದರಿಂದ ನಿಮ್ಮ ಗಿಟಾರ್ ನುಡಿಸುವವರು ಕಾರ್ಡ್‌ಗಳನ್ನು ಬಾರಿಸಿ ಆ ಜಾಗ ತುಂಬದಿರಲಿ. ಬಲ ಅಂಗೈಯ ಅಂಚನ್ನು ಬ್ರಿಡ್ಜ್‌ನ (ಗಿಟಾರಿನ ಒಡಲಿನ ಮೇಲೆ ತಂತಿಗಳನ್ನು ಹೊರುವ ಪಟ್ಟಿ) ಮೇಲೆ ಹಗುರವಾಗಿ ಒತ್ತಿ, ದಪ್ಪ ತಂತಿಗಳ ಮೇಲೆ ಒಂದೊಂದೇ ಸ್ವರವನ್ನು ಕತ್ತರಿಸಿದಂತೆ ನುಡಿಸಿದರೆ, ಹಳೆಯ ಸಿಂಥ್ ಬೇಸ್‌ನ ಮೊಟಕು ನಾದಕ್ಕೆ ಬಹಳ ಹತ್ತಿರ ಬರುತ್ತದೆ.

ಬೇಲೂರು ರಸ್ತೆ
ಮೇಲಿನವರ ಮಾತು ಒಪ್ಪಿದರೂ ಎಲ್ಲ ಹಾಡಿಗೂ ಅದು ಹೊಂದುವುದಿಲ್ಲ. ನ್ಯೂಯಾರ್ಕಿನ ಸೂಯಿಸೈಡ್ ಜೋಡಿಯನ್ನೇ ನೋಡಿ: ಅಲನ್ ವೇಗಾ ಹಾಡುತ್ತಿದ್ದರು, ಮಾರ್ಟಿನ್ ರೆವ್ ಅಗ್ಗದ ಕೀಬೋರ್ಡ್ ಮತ್ತು ರಿದಮ್ ಯಂತ್ರದ ಮುಂದೆ ನಿಲ್ಲುತ್ತಿದ್ದರು, ಗಿಟಾರ್ ಇರಲೇ ಇಲ್ಲ. 'ಡ್ರೀಮ್ ಬೇಬಿ ಡ್ರೀಮ್' ಹಾಡಿನಲ್ಲಿ ಒಂದು ಸಣ್ಣ ಸ್ವರಗುಚ್ಛ ಮೊದಲಿನಿಂದ ಕೊನೆಯವರೆಗೂ ಸುತ್ತುತ್ತದೆ. ಬೇಸರವಾಗುವಷ್ಟು ಸುತ್ತಿದ ಮೇಲೆಯೇ ಅದು ಮನಸ್ಸಿಗೆ ಇಳಿಯುತ್ತದೆ. ಇಲ್ಲಿ ಉಳಿಸಿಕೊಳ್ಳಬೇಕಾದದ್ದು ಆ ಪಟ್ಟು. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 2005ರ ಪ್ರವಾಸದಲ್ಲಿ ಒಬ್ಬರೇ ಕುಳಿತು ಇದೇ ಹಾಡನ್ನು ಪಂಪ್ ಆರ್ಗನ್ (ಕಾಲಿನಿಂದ ತಿದಿ ಒತ್ತುವ ಆರ್ಗನ್) ನುಡಿಸುತ್ತಾ ಹಾಡಿದರು. ನಮ್ಮ ನಾಟಕ ಕಂಪನಿಗಳ ಲೆಗ್ ಹಾರ್ಮೋನಿಯಂ ಕೇಳಿದವರಿಗೆ ಆ ನಾದ ಹೊಸದೇನಲ್ಲ.

ಹಾಗಾಗಿ ಎರವಲು ಹಾರ್ಮೋನಿಯಂ ನಿಮ್ಮ ಕೊರತೆಯಲ್ಲ, ದೊಡ್ಡ ಆಸ್ತಿ. ಷಡ್ಜ ಪಂಚಮಗಳನ್ನು ಬಿಡದೆ ಹಿಡಿದು, ತಿದಿಯನ್ನು ಪ್ರತಿ ಮಾತ್ರೆಗೂ ಸಣ್ಣದಾಗಿ ಒತ್ತಿದರೆ ನಾದ ತಾನಾಗಿ ಮಿಡಿಯತೊಡಗುತ್ತದೆ. ಡ್ರಮ್ಸ್ ಇಲ್ಲವೆಂಬ ಚಿಂತೆಯೂ ಬಹುಪಾಲು ಕಳೆಯುತ್ತದೆ.

ಹಳೆ ಕ್ಯಾಸೆಟ್, ಸಕಲೇಶಪುರ
ಪಂಕ್ ಬಗ್ಗೆ ಎರಡು ಮಾತು. ಫ್ರಾನ್ಸಿನ ನುವೆಲ್ ವಾಗ್ ತಂಡ 2004ರಲ್ಲಿ ಪಂಕ್ ಮತ್ತು ಅದರ ಬೆನ್ನಲ್ಲೇ ಬಂದ ನ್ಯೂ ವೇವ್ ಹಾಡುಗಳನ್ನು ಬೋಸಾ ನೋವಾ ಎಂಬ ಬ್ರೆಜಿಲ್‌ನ ಮೆಲುದನಿಯ ಶೈಲಿಗೆ ತಂದಿತು. ಮೂಲ ಹಾಡುಗಳ ಪರಿಚಯವಿಲ್ಲದ ಗಾಯಕಿಯರನ್ನು ಬೇಕೆಂದೇ ಆರಿಸಿಕೊಂಡಿತು. ಒಂದೆರಡು ಹಾಡು ಬಹಳ ಸೊಗಸು. ಆದರೆ ಇಡೀ ಆಲ್ಬಂ ಕೇಳುವಾಗ ಸಿಟ್ಟೆಲ್ಲ ಒಂದೇ ಸಿಹಿಯಲ್ಲಿ ಕರಗಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹೋಂಸ್ಟೇ ಎಂಬ ಕಾರಣಕ್ಕೆ ಎಲ್ಲವನ್ನೂ ಮೆಲ್ಲಗೆ ಹಾಡಬೇಡಿ. ರಮೋನ್ಸ್ ಪಂಕ್ ತಂಡದ ಗಿಟಾರ್ ವಾದಕ ಜಾನಿ ರಮೋನ್ ಹಾಗೆ ಪಿಕ್ಕನ್ನು (ತಂತಿ ಮೀಟುವ ಚೂರು) ಮೇಲಿನಿಂದ ಕೆಳಕ್ಕೆ ಮಾತ್ರ ಹೊಡೆಯುತ್ತಾ ನುಡಿಸಿದರೆ ಅಕೌಸ್ಟಿಕ್ ಗಿಟಾರಿನಲ್ಲೂ ಆ ಬಿಗಿ ಬರುತ್ತದೆ. ಮೇಲೆ ಕೆಳಗೆ ಆಡಿಸಿದ ಕೂಡಲೇ ಹಾಡು ಸಡಿಲವಾಗುತ್ತದೆ.

ಇನ್ನು ಕನ್ನಡ ಸಾಹಿತ್ಯದ ಪ್ರಶ್ನೆ. ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅನುವಾದದ ಹಕ್ಕು ಹಕ್ಕುದಾರರದ್ದೇ, ಆದ್ದರಿಂದ ಅವರ ಅನುಮತಿ ಬೇಕು. ಕವರ್ ಧ್ವನಿಮುದ್ರಣಕ್ಕೆ ದಾರಿ ಕೊಡುವ 31ಸಿ ಕಲಮು ಕೂಡ ಮೊದಲ ಮುದ್ರಣದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಮುಂಚಿತವಾಗಿ ಸೂಚನೆ ಕೊಟ್ಟು ರಾಯಧನ ಕಟ್ಟಬೇಕು ಎನ್ನುತ್ತದೆ. ಸಾಹಿತ್ಯವನ್ನು ಮನಬಂದಂತೆ ಬದಲಿಸಲು ಅದು ಬಿಡುವುದಿಲ್ಲ. ವೇದಿಕೆಯ ಮೇಲೆ ಹಾಡುವುದಕ್ಕೆ ಬೇರೆಯದೇ ಪರವಾನಗಿ ಬೇಕಾಗುತ್ತದೆ. ಅದನ್ನು ಯಾರು ಪಡೆಯುತ್ತಾರೆ ಎಂಬುದನ್ನು ಹೋಂಸ್ಟೇಯವರೊಂದಿಗೆ ಈಗಲೇ ಮಾತನಾಡಿಕೊಳ್ಳಿ.