ಓದುಗರ ಸ್ಪಂದನ: ‘ನನ್ನಿಂದಾಗದು’ ಎನ್ನುವ ದನಿಗೆ ಏನು ಹೇಳಲಿ?

ಕಳೆದ ಸಂಚಿಕೆಯ ಸಮಸ್ಯೆ: ನನಗೀಗ 36 ವರ್ಷ. 11 ವರ್ಷ ದುಡಿದ ಕೆಲಸ ಹೋಯಿತು. ಆಮೇಲೆ ಮೂರು ಸಂದರ್ಶನಗಳಿಗೆ ಹೋದೆ, ಎಲ್ಲೂ ಆಯ್ಕೆಯಾಗಲಿಲ್ಲ. ನಾಲ್ಕನೆಯ ಕಡೆಯಿಂದ ಕರೆ ಬಂದಾಗ ‘ಹೋಗಿ ಏನು ಪ್ರಯೋಜನ, ನನ್ನಿಂದಾಗದು’ ಎನಿಸಿ ಹೋಗಲೇ ಇಲ್ಲ. ಒಳ್ಳೆಯದನ್ನೇ ಯೋಚಿಸು, ಒಳ್ಳೆಯದೇ ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ‘ನಾನು ಸಮರ್ಥ, ಗೆದ್ದೇ ಗೆಲ್ಲುತ್ತೇನೆ’ ಎಂದು ಹೇಳಿಕೊಂಡರೆ ಒಳಗಿನಿಂದ ‘ಸುಳ್ಳು’ ಎಂಬ ದನಿ ಬರುತ್ತದೆ. ನನ್ನ ಕೆಟ್ಟ ಯೋಚನೆಗಳೇ ನನ್ನ ಬದುಕನ್ನು ಹಾಳು ಮಾಡಿದವೇ?

ಆ ಎರಡನ್ನೂ ಬೇರೆ ಬೇರೆ ಇಡಿ

ಆತ್ಮೀಯರೇ, ನಿಮ್ಮ ಪತ್ರ ಓದಿ ಎರಡು ದಿನ ಅದೇ ಗುಂಗಿನಲ್ಲಿದ್ದೆ. ನಾನು ಚಿಕ್ಕವಳಿದ್ದಾಗ ಮೇಷ್ಟ್ರೊಬ್ಬರು ಇಡೀ ತರಗತಿಯ ಎದುರು ‘ನಿನ್ನ ತಲೆಗೆ ಲೆಕ್ಕ ಹತ್ತುವುದಿಲ್ಲ’ ಎಂದಿದ್ದರು. ಅವರು ಹೇಳಿದ್ದು ಒಂದೇ ಸಲ. ಮುಂದಿನ ಮೂವತ್ತು ವರ್ಷ ಅದನ್ನು ನನಗೆ ನಾನೇ ಹೇಳಿಕೊಂಡೆ. ಲೆಕ್ಕಪತ್ರ ನೋಡಬೇಕಾದ ಯಾವ ಜವಾಬ್ದಾರಿ ಬಂದರೂ ಬೇರೆಯವರಿಗೆ ದಾಟಿಸಿದೆ. ದಾಟಿಸಿದ್ದರಿಂದ ಕಲಿಯಲಿಲ್ಲ. ಕಲಿಯದೇ ಹೋದದ್ದರಿಂದ ಮೇಷ್ಟ್ರ ಮಾತೇ ನಿಜ ಎನ್ನುವುದಕ್ಕೆ ವರ್ಷ ವರ್ಷವೂ ಹೊಸ ಸಾಕ್ಷಿ ಸಿಕ್ಕಿತು. ನಾಲ್ಕನೆಯ ಸಂದರ್ಶನಕ್ಕೆ ನೀವು ಹೋಗಲಿಲ್ಲ ಎಂದು ಓದಿದಾಗ ನನಗೆ ನೆನಪಾದದ್ದು ಇದೇ.

ಯೋಚನೆ ಬದುಕನ್ನು ರೂಪಿಸುತ್ತದೆ, ನಿಜ. ಆದರೆ ಅದಕ್ಕೆ ಮಂತ್ರಶಕ್ತಿಯೇನೂ ಇಲ್ಲ. ಅದು ನಮ್ಮ ಕಾಲನ್ನು ಒಂದು ಕಡೆ ನಡೆಸುತ್ತದೆ, ಇನ್ನೊಂದು ಬಾಗಿಲಲ್ಲಿ ತಡೆದು ನಿಲ್ಲಿಸುತ್ತದೆ, ಅಷ್ಟೇ. ಆ ಮೂರು ಕಡೆ ಆಯ್ಕೆಯಾಗದ್ದಕ್ಕೆ ನಿಮ್ಮ ಯೋಚನೆಯೇ ಕಾರಣ ಎಂದರೆ ನಾನು ಒಪ್ಪುವುದಿಲ್ಲ. ನಾಲ್ಕನೆಯದಕ್ಕೆ ಹೋಗದಿದ್ದದ್ದು ಮಾತ್ರ ಯೋಚನೆಯ ಕೆಲಸ. ಇವೆರಡನ್ನೂ ದಯವಿಟ್ಟು ಒಂದೇ ಗಂಟಿನಲ್ಲಿ ಕಟ್ಟಬೇಡಿ.

ನಲವತ್ತೆಂಟನೆಯ ವಯಸ್ಸಿನಲ್ಲಿ, ನಿದ್ದೆ ಪೂರ್ತಿ ಕೆಟ್ಟ ಮೇಲೆ, ಆಪ್ತಸಮಾಲೋಚಕಿಯೊಬ್ಬರ ಬಳಿ ಹೋದೆ. ಅವರು ಬುದ್ಧಿವಾದ ಹೇಳಲಿಲ್ಲ, ನೋಟ್‌ಬುಕ್ ಇಡಲು ಹೇಳಿದರು. ಏರನ್ ಬೆಕ್ ಎಂಬ ಅಮೆರಿಕದ ಮನೋವೈದ್ಯರು 1960ರ ದಶಕದಲ್ಲಿ ಖಿನ್ನತೆಯಿಂದ ಬಳಲುವವರ ಮಾತು ಕೇಳುತ್ತಾ ಒಂದು ಸಂಗತಿ ಗಮನಿಸಿದ್ದರು. ಆ ರೋಗಿಗಳ ತಲೆಯಲ್ಲಿ ಕರೆಯದೆಯೇ ಬಂದು, ಮಿಂಚಿನಂತೆ ಹಾದುಹೋಗುವ ಯೋಚನೆಗಳಿರುತ್ತಿದ್ದವು, ಅವನ್ನು ಅವರು ಪರೀಕ್ಷಿಸದೆಯೇ ನಂಬಿಬಿಡುತ್ತಿದ್ದರು. ನೋಟ್‌ಬುಕ್ ಇರುವುದು ಆ ಪರೀಕ್ಷೆಗೆ. ಏನಾಯಿತು, ತಲೆಗೆ ಏನು ಬಂತು, ಅದನ್ನು ಹೌದೆನ್ನುವ ಸಾಕ್ಷಿ ಯಾವುದು, ಅಲ್ಲವೆನ್ನುವ ಸಾಕ್ಷಿ ಯಾವುದು ಎಂದು ಬರೆಯಬೇಕು.

ನಿಮ್ಮದನ್ನೇ ಬರೆದು ನೋಡೋಣ. ಆದದ್ದು: ಮೂರು ಕಡೆ ಬೇಡವೆಂದರು. ತಲೆಗೆ ಬಂದದ್ದು: ನಾನು ಯಾವ ಕೆಲಸಕ್ಕೂ ಲಾಯಕ್ಕಿಲ್ಲ. ಹೌದೆನ್ನುವ ಸಾಕ್ಷಿ: ಆ ಮೂರು ನಿರಾಕರಣೆಗಳು. ಅಲ್ಲವೆನ್ನುವ ಸಾಕ್ಷಿ: 11 ವರ್ಷ ನಿಮ್ಮನ್ನು ಕೆಲಸದಲ್ಲಿ ಇಟ್ಟುಕೊಂಡಿದ್ದರು, ನಿಮ್ಮ ಅರ್ಜಿ ನೋಡಿ ನಾಲ್ಕು ಕಡೆಯವರು ಕರೆದರು. ಇಷ್ಟನ್ನೂ ತೂಗಿ ಒಂದು ಸಾಲು ಬರೆಯಿರಿ: ‘ಮೂರು ಕಡೆ ಆಗಲಿಲ್ಲ, ಕಾರಣ ನನಗೆ ಗೊತ್ತಿಲ್ಲ, ಒಂದು ಕಡೆಯಾದರೂ ಕೇಳಿ ತಿಳಿದುಕೊಳ್ಳಬಹುದು.’ ಕನ್ನಡಿಯ ಮುಂದೆ ಹೇಳಿದ ಮಾತಿನಷ್ಟು ಚಂದ ಇಲ್ಲ, ಆದರೆ ನಿಮ್ಮೊಳಗಿನ ದನಿ ಇದನ್ನು ಸುಳ್ಳು ಎನ್ನಲಾರದು.

ಮೊದಲ ಎರಡು ವಾರ ನನಗೆ ಆ ನೋಟ್‌ಬುಕ್ ಕಂಡರೆ ಆಗುತ್ತಿರಲಿಲ್ಲ. ಎದುರು ಸಾಕ್ಷಿಯ ಜಾಗ ಖಾಲಿಯೇ ಇರುತ್ತಿತ್ತು. ಆಮೇಲೆ ಗೆಳತಿಯ ಕಷ್ಟ ಎಂದುಕೊಂಡು ಬರೆಯತೊಡಗಿದೆ, ಆಗ ಕೈ ಓಡಿತು. ನೀವೂ ಹಾಗೆ ಮಾಡಿ. ಈಗಲೂ ನಾನು ಲೆಕ್ಕದಲ್ಲಿ ನಿಧಾನ, ಆದರೂ ನಾಲ್ಕು ವರ್ಷದಿಂದ ಮನೆಯ ಲೆಕ್ಕಪತ್ರ ನನ್ನ ಕೈಯಲ್ಲೇ ಇದೆ.
– ನಿವೃತ್ತ ಗ್ರಂಥಪಾಲಕಿ

ಓಡಿಸಿದಷ್ಟೂ ಬರುತ್ತದೆ

ನಾನು ಮನಃಶಾಸ್ತ್ರ ಪಾಠ ಮಾಡುವವನು. ಕನ್ನಡಿಯ ಮುಂದೆ ಆಡಿದ ಮಾತು ಕೈಕೊಟ್ಟದ್ದು ನಿಮ್ಮ ದೋಷವಲ್ಲ ಎಂದು ಹೇಳಲೇಬೇಕೆನಿಸಿತು. ಕೆನಡಾದ ಮನಃಶಾಸ್ತ್ರಜ್ಞೆ ಜೊಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ‘ನಾನು ಪ್ರೀತಿಗೆ ಅರ್ಹ’ ಎಂಬಂಥ ಮಾತನ್ನು ಜನರಿಂದ ಮತ್ತೆ ಮತ್ತೆ ಹೇಳಿಸಿದ್ದರು. ತಮ್ಮ ಬಗ್ಗೆ ಮೊದಲೇ ಕೀಳರಿಮೆ ಇದ್ದವರ ಮನಸ್ಸು ಅದರಿಂದ ಇನ್ನಷ್ಟು ಕುಗ್ಗಿತು. ನಂಬಲಾಗದ ಮಾತನ್ನು ಮನಸ್ಸಿನ ಮೇಲೆ ಹೇರಿದರೆ ಅದು ಎದುರುವಾದ ಹೂಡುತ್ತದೆ. ನಿಮ್ಮೊಳಗೂ ಆದದ್ದು ಅದೇ.

ಹಾಗೆಂದು ಕೆಟ್ಟ ಯೋಚನೆಯನ್ನು ಬಲವಂತವಾಗಿ ಹೊರಗಟ್ಟಲೂ ಹೋಗಬೇಡಿ. ಮನಃಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಮಾತ್ರ ಯೋಚಿಸಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು! ಆಮೇಲೆ ‘ಈಗ ಯೋಚಿಸಬಹುದು’ ಎಂದಾಗ, ಮೊದಲು ತಡೆಹಿಡಿದವರಿಗೆ ಕರಡಿಯ ನೆನಪು, ಮೊದಲಿನಿಂದಲೇ ಯೋಚಿಸಲು ಬಿಟ್ಟಿದ್ದವರಿಗಿಂತ ಹೆಚ್ಚಾಗಿಯೇ ಬಂತು.

ಯಾವ ಯೋಚನೆ ಬರಬೇಕು ಎಂಬುದು ನಮ್ಮ ಕೈಯಲ್ಲಿಲ್ಲ. ಬಂದದ್ದರ ಜೊತೆ ಎಷ್ಟು ಹೊತ್ತು ಮಾತಾಡುತ್ತಾ ಕೂರಬೇಕು ಎಂಬುದು ಬಹುಮಟ್ಟಿಗೆ ನಮ್ಮದೇ. ಚಿಂತೆಗೆಂದೇ ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗ ಮೀಸಲಿಡುವ ಕ್ರಮವೊಂದಿದೆ. ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ‘ಸಂಜೆ ಆರಕ್ಕೆ ನೋಡೋಣ’ ಎಂದು ಚೀಟಿಯಲ್ಲಿ ಬರೆದಿಟ್ಟು ಕೈಯಲ್ಲಿದ್ದ ಕೆಲಸಕ್ಕೆ ಮರಳುವುದು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಸಂಜೆ ಚೀಟಿ ತೆರೆದಾಗ ಅರ್ಧಕ್ಕರ್ಧ ಚಿಂತೆಗಳ ಬಿಸಿ ಆರಿರುತ್ತದೆ ಎನ್ನುತ್ತಾರೆ. ಮಲಗುವ ಹೊತ್ತಿಗೆ ಮಾತ್ರ ಇದನ್ನು ಇಟ್ಟುಕೊಳ್ಳಬೇಡಿ.
– ಉಪನ್ಯಾಸಕ

ಯೋಚನೆಯ ತಲೆಗೆ ಎಲ್ಲವನ್ನೂ ಕಟ್ಟಬೇಡಿ

ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ಸಿಟ್ಟು ನಿಮ್ಮ ಮೇಲಲ್ಲ. ಕೆಲಸ ಕಳೆದುಕೊಂಡವರ ಮುಂದೆ ‘ನಿನ್ನ ಯೋಚನೆಯಂತೆ ನಿನ್ನ ಬದುಕು’ ಎನ್ನುವುದು ಗಾಯದ ಮೇಲೆ ಬರೆ ಎಳೆದಂತೆ. ನನ್ನ ಮಗುವಿಗೆ ಕಾಯಿಲೆ ಬಂದಾಗ ಹತ್ತಿರದವರೇ ‘ನೀನು ಯಾವಾಗಲೂ ಕೆಟ್ಟದ್ದನ್ನೇ ನೆನೆಯುತ್ತಿದ್ದೆ’ ಎಂದರು. ಹಾಗೆಲ್ಲ ಕಾಯಿಲೆ ಬರುವುದಿಲ್ಲ ಎಂದು ವೈದ್ಯರು ಬಿಡಿಸಿ ಹೇಳುವವರೆಗೆ ರಾತ್ರಿಯೆಲ್ಲ ನನ್ನನ್ನೇ ಶಪಿಸಿಕೊಂಡೆ. ಯೋಚನೆಗೆ ಅಷ್ಟು ಶಕ್ತಿ ಇಲ್ಲ.

ಅದಕ್ಕಿರುವ ಶಕ್ತಿ ಬೇರೆ. ಆ ಎಂಟು ತಿಂಗಳಲ್ಲಿ ‘ಇವತ್ತು ಮಾಡಬಹುದಾದದ್ದು ಏನು’ ಎಂದು ಕೇಳಿಕೊಂಡ ದಿನ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟೆ, ಮಗುವಿನ ಪಕ್ಕ ಕೂತು ಆಡಿದೆ. ‘ನನಗೇ ಯಾಕೆ ಹೀಗೆ’ ಎಂದು ಕೇಳಿಕೊಂಡ ದಿನ ಗೋಡೆ ನೋಡುತ್ತಾ ಕೂತೆ. ಕಾಯಿಲೆ ಎರಡೂ ದಿನ ಅಷ್ಟೇ ಇತ್ತು. ಮಗುವಿಗೆ ಅಮ್ಮ ಸಿಕ್ಕಿದ್ದು ಮಾತ್ರ ಮೊದಲಿನ ದಿನ.
– ತಾಯಿ

ನಿಮಗೊಂದು ಕಳಕಳಿಯ ಪ್ರಶ್ನೆ. ಮನಸ್ಸು ಹೀಗೆ ಕುಗ್ಗಿ ಎಷ್ಟು ದಿನವಾಯಿತು? ಎರಡು ವಾರ ಮೀರಿ, ದಿನದ ಬಹುಪಾಲು ಹೊತ್ತು ಇದೇ ಸ್ಥಿತಿಯಿದ್ದು, ನಿದ್ದೆ, ಹಸಿವು ಏರುಪೇರಾಗಿ, ಮೊದಲು ಇಷ್ಟವಿದ್ದುದೂ ಬೇಡವೆನಿಸುತ್ತಿದ್ದರೆ ವೈದ್ಯರನ್ನು ಕಾಣಿ. ಅದು ಖಿನ್ನತೆಯಿರಬಹುದು, ಅದಕ್ಕೆ ಚಿಕಿತ್ಸೆ ಇದೆ. ಸಾಯುವ ಯೋಚನೆ ಒಮ್ಮೆ ಸುಳಿದರೂ ವಾರ ಎಣಿಸುತ್ತಾ ಕೂರಬೇಡಿ, ಅಂದೇ ಯಾರಿಗಾದರೂ ಬಾಯಿಬಿಟ್ಟು ಹೇಳಿ, ಅಂದೇ ಹೋಗಿ.
– ಶುಶ್ರೂಷಕಿ

ನನಗೆ 19. ಪರೀಕ್ಷೆಯ ಹಿಂದಿನ ರಾತ್ರಿ ನನ್ನ ಹೆಸರು ಹಿಡಿದು ನಾನೇ ಕರೆದು, ಅಕ್ಕ ತಮ್ಮನಿಗೆ ಹೇಳುವ ಹಾಗೆ ಮಾತಾಡುತ್ತೇನೆ. ‘ನಾನು’ ಎಂದು ಶುರು ಮಾಡಿದರೆ ಬೈಗುಳವೇ ಬರುತ್ತದೆ, ಹೆಸರಿನಿಂದ ಶುರು ಮಾಡಿದರೆ ಸಮಾಧಾನದ ಮಾತು ಬರುತ್ತದೆ.
– ವಿದ್ಯಾರ್ಥಿ

ಮೇಜಿನ ಆಚೆ ಕೂತವನ ಮಾತು

ಹಲವು ವರ್ಷ ಸಂದರ್ಶನ ನಡೆಸಿದವನು ನಾನು. ಒಂದು ಹುದ್ದೆಗೆ ಆರು ಜನ ಬಂದರೆ ಐವರಿಗೆ ಇಲ್ಲ ಎನ್ನಲೇಬೇಕು. ಆ ಐವರಲ್ಲಿ ಚೆನ್ನಾಗಿ ಮಾಡಬಲ್ಲವರು ಇಬ್ಬರಾದರೂ ಇರುತ್ತಿದ್ದರು. ಅವರು ಹೊರಗೆ ಹೋಗಿ ತಮ್ಮ ಬಗ್ಗೆ ಏನೇನು ಅಂದುಕೊಂಡರೋ ಎಂದು ನಿಮ್ಮ ಪತ್ರ ಓದುವವರೆಗೆ ನಾನು ಯೋಚಿಸಿರಲಿಲ್ಲ, ಅದು ನನ್ನನ್ನು ಕಲಕಿತು.

ಹೇಳದೆ ಬಾರದವರು ಆಮೇಲೆ ಪತ್ರ ಬರೆದದ್ದೂ ಉಂಟು. ಅಂಥ ಇಬ್ಬರನ್ನು ಮತ್ತೆ ಕರೆದಿದ್ದೇನೆ. ಧೈರ್ಯ ಬರಲಿ ಎಂದು ಕಾಯಬೇಡಿ. ಈ ಮೂರು ಸಾಲು ಸಾಕು, ಬೇಕಿದ್ದರೆ ಹೀಗೆಯೇ ನಕಲು ಮಾಡಿ ಕಳಿಸಿ: ‘ಅಂದು ಸಂದರ್ಶನಕ್ಕೆ ಬರಲಾಗಲಿಲ್ಲ, ಮೊದಲೇ ತಿಳಿಸದಿದ್ದಕ್ಕೆ ಕ್ಷಮಿಸಿ. ಆ ಹುದ್ದೆ ಇನ್ನೂ ಖಾಲಿಯಿದ್ದರೆ, ಅಥವಾ ಅಂಥದ್ದೇ ಇನ್ನೊಂದು ಇದ್ದರೆ, ಬರಲು ಸಿದ್ಧನಿದ್ದೇನೆ. ಈ ಕೆಲಸದಲ್ಲಿ ನನಗೆ 11 ವರ್ಷಗಳ ಅನುಭವವಿದೆ.’
– ನಿವೃತ್ತ ವ್ಯವಸ್ಥಾಪಕ