ಹಕ್ಕಿಗಳ ಜಲವರ್ಣ ಚಿತ್ರ: ಏನು ನೋಡಿ ಖರೀದಿಸಬೇಕು? ಅನುಭವ ಹೇಳಿ

ಸಪ್ತಾಪುರದವ, ಧಾರವಾಡ: ಒಂದು ಜಲವರ್ಣ ಚಿತ್ರ ಮನಸ್ಸಿಗೆ ಹಿಡಿಸಿದೆ. ಜಾಲಿ ಕೊಂಬೆಗಳ ಮೇಲೆ ಪಿಕಳಾರ, ಸೂರಕ್ಕಿ, ರಾಟವಾಳ, ಒಂದು ಗಿಳಿ. ಗರಿ ಗರಿ ಬಿಡಿಸಿದ್ದಾರೆ. 18 ಸಾವಿರ ಹೇಳುತ್ತಿದ್ದಾರೆ. ಕೊಡಬಹುದಾ?

ಗದಗಿನವ: ಚಿತ್ರದ ರೊಕ್ಕ ಬಿಡಿ, ಫ್ರೇಮಿನ ಲೆಕ್ಕ ಹಾಕಿ. ನನ್ನ ಚಿತ್ರಕ್ಕೆ 11,000, ಫ್ರೇಮಿಗೆ 3,200. ಅಂಗಡಿಯವನು ಮೌಂಟ್ (ಚಿತ್ರಕ್ಕೂ ಗಾಜಿಗೂ ನಡುವೆ ಸುತ್ತ ಇಡುವ ರಟ್ಟು) ಹಾಕದೆ ಗಾಜನ್ನು ಕಾಗದಕ್ಕೇ ಒತ್ತಿ ಕೂರಿಸಿದ. ಮಳೆಗಾಲಕ್ಕೆ ರಾಟವಾಳದ ಹೊಟ್ಟೆ ಮೇಲೆ ಬೂಸರು! ಬಿಚ್ಚಿಸಲು 400, ಆಮ್ಲವಿಲ್ಲದ ಮೌಂಟಿಗೆ 1,100, ಹೊಸ ಗಾಜಿಗೆ 1,350. ಕಲೆ ಹೋಗಲೇ ಇಲ್ಲ.

ಹಾವೇರಿ ಹಕ್ಕಿಪ್ರಿಯೆ: ಫ್ರೇಮ್ ಆಮೇಲೆ. ಮೊದಲು ಕಾಲು ನೋಡಿ. ಪಿಕಳಾರಕ್ಕೆ ಮೂರು ಬೆರಳು ಮುಂದೆ, ಒಂದು ಹಿಂದೆ. ಗಿಳಿಗೆ ಎರಡು ಮುಂದೆ, ಎರಡು ಹಿಂದೆ. ನಾನು ನೋಡಿದ ಚಿತ್ರದಲ್ಲಿ ಗಿಳಿಗೂ ಮೂರು ಮುಂದೆ! ಅದನ್ನೇ ತೋರಿಸಿ 9,000ದ್ದನ್ನು 6,500ಕ್ಕೆ ತಂದೆ. ಬಂದವರಿಗೆಲ್ಲ ಆ ಕಾಲನ್ನೇ ತೋರಿಸುತ್ತೇನೆ.

ಹುಬ್ಬಳ್ಳಿ ಕುಂಚ: ಅಕ್ಕಾರ, ಚಿತ್ರ ನೋಡಿದಿರೋ, ಜನಗಣತಿ ಮಾಡಿದಿರೋ? ಬರೆದವನ ಹೊಟ್ಟೆ ಮೇಲೆ ಹೊಡೆದು ಅದನ್ನೇ ಹೇಳಿಕೊಳ್ಳುತ್ತೀರಲ್ಲ! ಜಲವರ್ಣದಲ್ಲಿ ಬಿಳಿ ಅಂದರೆ ಬಣ್ಣ ಹಚ್ಚದೆ ಬಿಟ್ಟ ಕಾಗದ. ಕಣ್ಣಿನ ಹೊಳಪಿಗೆ ಸಾಸಿವೆಯಷ್ಟು ಜಾಗ ಉಳಿಸಬೇಕು. ಕುಂಚ ಜಾರಿದರೆ ಮುಗೀತು. ನಾನು ಹಾಗೆ ಎಷ್ಟು ಹಾಳೆ ಹರಿದೆನೋ. ಆ ಕಾಗದ ಹಾಳೆಗೆ 600 ರೂಪಾಯಿ, ಗೊತ್ತಾ?

ಹಾವೇರಿ ಹಕ್ಕಿಪ್ರಿಯೆ: ಕಾಗದ ದುಬಾರಿ ಅಂತ ಬೆರಳು ತಪ್ಪು ಬರೀಬಹುದಾ? ಜಹಾಂಗೀರನ ಆಸ್ಥಾನದ ಮನ್ಸೂರ ಬರೆದ ಸೈಬೀರಿಯಾ ಕ್ರೌಂಚವನ್ನು ಇವತ್ತಿಗೂ ನೋಡಿದ ಕೂಡಲೇ ಗುರುತಿಸಬಹುದು.

ಮಾಳಮಡ್ಡಿಯವ: ಮನ್ಸೂರರು ಹಾಡುತ್ತಿದ್ದರಲ್ವಾ?

ಹುಬ್ಬಳ್ಳಿ ಕುಂಚ: ಇವರು ಬೇರೆ ಮಾರಾಯ್ರೇ! 17ನೇ ಶತಮಾನದವರು.

ಗದಗಿನವ: ಎಲ್ಲರಿಗೂ ಗಿಳಿ, ಪಿಕಳಾರವೇ ಬೇಕು. ನಮ್ಮ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಅವನ್ನು ಯಾಕೆ ಬರೆಯಲ್ಲ?

ಹಾವೇರಿ ಹಕ್ಕಿಪ್ರಿಯೆ: ಕೇಳಿದ್ದು ಕೊಂಬೆ ಮೇಲಿನ ಹಕ್ಕಿ. ಹೆಬ್ಬಾತನ್ನು ಜಾಲಿ ಮರ ಹತ್ತಿಸುತ್ತೀರಾ?

ಗದಗಿನವ: ತಪ್ಪು ಕಾಲಿನ ಗಿಳಿ ಮನೆಗೆ ತಂದವರು ನಮಗೆ ಹೇಳಬೇಡಿ. ಅಂದಹಾಗೆ ಅದಕ್ಕೆ ಮೌಂಟ್ ಹಾಕಿಸಿದಿರಾ, ಇಲ್ವಾ?